ಸಂಪಿನೊಳಗಿನ ಬೇಸು

ನಾನು ಯಾರನ್ನೂ ಹೆದರಿಸಬೇಕೆಂದು ಹೊರಟವನಲ್ಲ. ಆದರೂ ನನ್ನ ಕೆಲಸವೇ ಅಂಥದ್ದೋ, ಗ್ರಹಚಾರವೇ ಅಂಥದ್ದೋ, ನಾನು ಬಾಡಿಗೆಗೆ ಹೋದ ಕಡೆಯೆಲ್ಲ ಆರು ತಿಂಗಳೊಳಗೆ ಯಾರಾದರೂ ಒಬ್ಬರು ಹೆದರಿ ಬೆವರುತ್ತಾರೆ, ಆಮೇಲೆ ನಾನು ಗಂಟುಮೂಟೆ ಕಟ್ಟುತ್ತೇನೆ.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಕಿರುಚಿತ್ರ, ನಾಟಕ, ಧಾರಾವಾಹಿಗಳಿಗೆ ಹಿನ್ನೆಲೆ ಸದ್ದು ಮಾಡಿಕೊಡುವುದು. ನನ್ನ ಹತ್ತಿರ ಒಂದು ಸ್ಯಾಂಪ್ಲರ್ ಇದೆ. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಮೇಲೆ ಹದಿನಾರು ರಬ್ಬರ್ ಗುಂಡಿಗಳು. ಯಾವ ಸದ್ದನ್ನಾದರೂ ಅದಕ್ಕೆ ಕೇಳಿಸಿ ಗುಂಡಿ ಒತ್ತಿದರೆ ಅದೇ ಸದ್ದು ವಾಪಸ್ ಬರುತ್ತದೆ. ಏರಿಸಿದರೆ ಸಣ್ಣಗಾಗಿ ಚುರುಕಾಗುತ್ತದೆ, ಇಳಿಸಿದರೆ ದಪ್ಪಗಾಗಿ ನಿಧಾನವಾಗುತ್ತದೆ. ಹೀಗೆ ಇಳಿಸಿ ಇಳಿಸಿ ಎದೆಗೆ ತಾಗುವಂಥ ಬೇಸ್, ಅಂದರೆ ತಳದ ದಪ್ಪ ದನಿ, ತೆಗೆಯುವುದು ನನ್ನ ಹುಚ್ಚು. ಕಂಪ್ಯೂಟರಿನಲ್ಲಿ ರೆಡಿಮೇಡ್ ಬೇಸ್ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಅಂಗಡಿಯಲ್ಲಿ ಸಾರಿನ ಪುಡಿಯೂ ಸಿಗುತ್ತದೆ, ಏನು ಮಾಡೋಣ.

ಗಂಗಾನಗರದಲ್ಲಿ ಕೆಳಗಿನ ಮನೆಯವರ ಶೋಕೇಸಿನ ಗಾಜು ನಡುಗಿತೆಂದು ನನ್ನಿಂದ ಮನೆ ಬಿಡಿಸಿದರು. ದಾಸರಹಳ್ಳಿಯಲ್ಲಿ ಪಕ್ಕದ ಶೆಡ್ಡಿನಲ್ಲಿ ದಿನವಿಡೀ ತಗಡು ಕತ್ತರಿಸುವ ಮೆಷಿನ್ ಓಡುತ್ತಿತ್ತು, ಅಲ್ಲಿ ನನ್ನ ಸದ್ದನ್ನು ಯಾರು ಕೇಳುತ್ತಾರೆ ಅಂದುಕೊಂಡಿದ್ದೆ. ಆ ಮೆಷಿನ್ನಿನವನೇ ಬಂದು "ಗುರು, ಸ್ವಲ್ಪ ಕಮ್ಮಿ ಇಟ್ಕೋ, ತಲೆ ನೋಯ್ತಿದೆ" ಅಂದ.

ಕೊನೆಗೆ ತಣಿಸಂದ್ರದಲ್ಲಿ ಒಂದು ಕೋಣೆ ಸಿಕ್ಕಿತು. ಹಳೇ ಊರಿನ ರೈತರ ಮನೆ. ಸುತ್ತ ಅಪಾರ್ಟ್‌ಮೆಂಟ್ ಎದ್ದಿದ್ದರೂ ಇವರದು ಎರಡೇ ಅಂತಸ್ತು. ಮೇಲೆ ಓನರಮ್ಮನ ಸಂಸಾರ, ಕೆಳಗೆ ನಾನು. ಕೋಣೆಯ ಮೂಲೆಯಲ್ಲಿ ನೆಲಕ್ಕೆ ಒಂದು ಕಬ್ಬಿಣದ ಮುಚ್ಚಳ, ಅದರ ಕೆಳಗೆ ನೀರಿನ ಸಂಪು. ಟ್ಯಾಂಕರಿನವನು ಪೈಪು ಇಳಿಸಲು ಹೊರಗೆ ಗೇಟಿನ ಹತ್ತಿರ ಸಂಪಿಗೆ ಇನ್ನೊಂದು ಬಾಯಿ. ಮೊದಲ ದಿನ ಗುಂಡಿ ಒತ್ತಿದಾಗಲೇ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅಂಥ ಬೇಸನ್ನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ನೆಲದೊಳಗಿಂದ ಎದ್ದು ಅಂಗಾಲಿನ ಮೂಲಕ ಮೇಲೆ ಬರುತ್ತಿತ್ತು. ಈ ಕೋಣೆಯಲ್ಲೇ ಸಾಯಬೇಕು ಎಂದು ಆಗಲೇ ತೀರ್ಮಾನಿಸಿದೆ. ಮುಂದೆ ನಡೆದದ್ದೆಲ್ಲ ಈ ಕೋಣೆ ಉಳಿಸಿಕೊಳ್ಳಲು ನಾನು ಪಟ್ಟ ಪಾಡು.

ಕುಕ್ಕರಿನವನು

ಒಂದು ಬೆಳಿಗ್ಗೆ ಮೇಲಿನ ಮನೆಯ ಕುಕ್ಕರ್ ಕೂಗಿತು. ಒಳ್ಳೆ ಗಟ್ಟಿ ಕಂಠ. ಮೈಕನ್ನು ಕಿಟಕಿಯಾಚೆ ಹಿಡಿದು ಮೂರನೇ ಕೂಗನ್ನು ಸ್ಯಾಂಪ್ಲರಿಗೆ ತುಂಬಿಸಿಕೊಂಡೆ. ಮೂರು ಸ್ಥಾಯಿ ಇಳಿಸಿ, ಮೇಲಿನ ಬುಸುಬುಸು ಗಾಳಿಯನ್ನು ಸೋಸಿ ತೆಗೆದಾಗ ಉಳಿದದ್ದು ಮನುಷ್ಯನ ನರಳಾಟ. ಯಾರನ್ನೂ ಕರೆಯಲು ಮನಸ್ಸಿಲ್ಲದೆ, ಬಾಯಿ ಮುಚ್ಚಿಕೊಂಡು, ತನ್ನಷ್ಟಕ್ಕೆ ತಾನು ನರಳುವಂಥದ್ದು. ನನಗೇ ಕತ್ತಿನ ಹಿಂದೆ ತಣ್ಣಗಾಯಿತು. ಸಂತೋಷ ತಡೆಯದೆ ಅರ್ಧ ಗಂಟೆ ಅದನ್ನೇ ಒತ್ತುತ್ತ ಕೂತೆ.

ಬಾಗಿಲು ಬಡಿದರು. ನೋಡಿದರೆ ಓನರಮ್ಮ, ಕೈಯಲ್ಲಿ ಸೌಟು.

"ಏನಪ್ಪ, ಒಳ್ಗೆ ಯಾರ್ನ ಇಟ್ಕಂಡಿದ್ದೀಯ?"

"ಯಾರೂ ಇಲ್ಲಮ್ಮ."

"ಯಾರೋ ಗಂಡ್ಸು ನರಳ್ತಾವ್ನೆ. ಆಸ್ಪತ್ರೆಗೆ ಕರ್ಕಂಡ್ ಓಗು. ಇಲ್ಲೇ ಏನಾರ ಆದ್ರೆ ನಮ್ ತಲೆ ಮೇಲೆ ಬರ್ತದೆ."

"ಗಂಡಸಲ್ಲಮ್ಮ, ಅದು ನಿಮ್ಮ ಕುಕ್ಕರು."

ನಂಬಲಿಲ್ಲ. ಕೂರಿಸಿ ಕೇಳಿಸಿದೆ. ಮೊದಲು ಕುಕ್ಕರಿನ ಕೂಗು ಇದ್ದಂತೆಯೇ. ಆಮೇಲೆ ಒಂದು ಸ್ಥಾಯಿ ಕೆಳಗೆ, ಎರಡು ಸ್ಥಾಯಿ ಕೆಳಗೆ. ಮೂರನೆಯದಕ್ಕೆ ಆ ಗಂಡಸು ಬಂದ. ಓನರಮ್ಮ ಎದ್ದು ಮೇಲೆ ಹೋದರು. ಅವತ್ತಿನಿಂದ ಒಂದು ವಾರ ಮೇಲಿನ ಮನೆಯಲ್ಲಿ ಕುಕ್ಕರ್ ಕೂಗಲಿಲ್ಲ. ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುತ್ತಿದ್ದಾರೆಂದು ಗೊತ್ತಾಗಿ, ಯಾಕಮ್ಮ ಎಂದು ಕೇಳಿದೆ.

"ಇನ್ನೇನ್ ಮಾಡ್ಲಪ್ಪ? ಇಷ್ಟ್ ವರ್ಷ ಅವ್ನ ಮೇಲೇ ಬೇಳೆ ಬೇಯಿಸ್ತಿದ್ದೆ. ಒಳ್ಗವ್ನೆ ಅಂತ ನಂಗೇನ್ ಗೊತ್ತು?"

ಇನ್ನೂ ಡೀಪ್

ಹೆದರಿಕೆಯ ಕಿರುಚಿತ್ರ ಮಾಡುವ ಡೈರೆಕ್ಟರ್ ಒಬ್ಬನಿದ್ದ. "ಇನ್ನೂ ಡೀಪ್ ಮಾಡು ಮಚ್ಚಾ" ಎನ್ನುವುದೇ ಅವನ ಡೈರೆಕ್ಷನ್ನು. ಕುಕ್ಕರಿನವನನ್ನು ಅವನ ಫೋನಿಗೆ ಕಳಿಸಿದೆ. ಇನ್ನೂ ಡೀಪ್ ಅಂದ. ಒಂದು ಸ್ಥಾಯಿ ಇಳಿಸಿದೆ. ಇನ್ನೂ ಡೀಪ್. ಮತ್ತೂ ಇಳಿಸಿದೆ.

"ಏನ್ ಗುರು, ಏನೂ ಕೇಳ್ತಾನೇ ಇಲ್ಲ?"

ಉಗುರಿನಷ್ಟು ಸ್ಪೀಕರಿರುವ ಫೋನಿನಲ್ಲಿ ಆ ಬೇಸ್ ಎಲ್ಲಿಂದ ಕೇಳಬೇಕು. ಕೋಣೆಗೇ ಬಾ ಎಂದು ಕರೆದೆ. ಬಂದ, ಚಪ್ಪಲಿ ಹೊರಗೆ ಬಿಟ್ಟ, ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ. ದೊಡ್ಡ ಸ್ಪೀಕರಿನಲ್ಲಿ ಗುಂಡಿ ಒತ್ತಿದೆ.

"ಆನ್ ಇದ್ಯಾ?"

"ಇದೆ."

"ಏನೂ ಇಲ್ವಲ್ಲೋ."

ನಿಜವಾಗಿಯೂ ಏನೂ ಕೇಳುತ್ತಿರಲಿಲ್ಲ. ಕಿವಿಗೆ ಸಿಗದಷ್ಟು ಕೆಳಕ್ಕೆ ಹೋಗಿಬಿಟ್ಟಿದ್ದೆ. ಆದರೆ ಮೇಜಿನ ಮೇಲಿದ್ದ ಚೊಂಬಿನ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಎದ್ದವು. ಯಾರೂ ಮುಟ್ಟದ ಬಾಗಿಲು ಒಂದು ಗೇಣು ಸರಿಯಿತು. ಆಮೇಲೆ ಮೂಲೆಯ ಕಬ್ಬಿಣದ ಮುಚ್ಚಳ ಟಕ್ ಅಂದಿತು. ಸ್ವಲ್ಪ ತಡೆದು ಮತ್ತೆ ಟಕ್. ಆಮೇಲೆ ಟಕಟಕ ಟಕಟಕ. ಕೆಳಗಿನಿಂದ ಯಾರೋ ಬೆರಳ ಗೆಣ್ಣಿನಲ್ಲಿ ಬಡಿದು, ತೆಗೀರಿ ಅಂದ ಹಾಗೆ.

"ಮಚ್ಚಾ," ಅಂದ ಡೈರೆಕ್ಟರ್, "ಕೆಳಗೆ ಯಾರೋ ಇದಾರೆ."

ನೀರಿದೆ ಎಂದು ಹೇಳುವಷ್ಟರಲ್ಲಿ ಅವನು ರಸ್ತೆಯಲ್ಲಿದ್ದ. ಚಪ್ಪಲಿ ನನ್ನ ಬಾಗಿಲಲ್ಲೇ ಇತ್ತು. ಅವತ್ತು ನಾನೊಂದು ಪಾಠ ಕಲಿತೆ. ಕಿವಿ ಹಿಡಿಯುವಷ್ಟೇ ಇಳಿಸಬೇಕು, ಮೇಲೆ ಸ್ವಲ್ಪ ಒರಟು ಗೊರಗೊರ ಉಳಿಸಬೇಕು. ಒರಟು ಇದ್ದರೆ ಬಡ ಫೋನೂ ಅದನ್ನು ಹಿಡಿದುಕೊಳ್ಳುತ್ತದೆ. ಹಾಗೆ ಮಾಡಿ ಕಳಿಸಬೇಕು ಎಂದು ಕೂತಿದ್ದಾಗ ಅವನದೇ ಮೆಸೇಜ್ ಬಂತು: "ಬೇಸ್ ಬೇಡ ಗುರು. ಮುಚ್ಚಳದವರನ್ನೇ ಫಿಕ್ಸ್ ಮಾಡು, ಆ್ಯಕ್ಟಿಂಗ್ ಸಖತ್ತಾಗಿದೆ."

ಪೂಜಾರಪ್ಪನ ನಿಂಬೆಹಣ್ಣು

ಬರಿಗಾಲಲ್ಲಿ ಓಡಿದ ಡೈರೆಕ್ಟರನ್ನು ಇಡೀ ಬೀದಿ ನೋಡಿತ್ತು. ಮರುದಿನ ಓನರಮ್ಮ ಕೆಳಗೆ ಬಂದರು. ಈ ಸಲ ಕೈಯಲ್ಲಿ ಸೌಟಿರಲಿಲ್ಲ, ಅದು ಇನ್ನೂ ಭಯವಾಯಿತು.

"ನೋಡಪ್ಪ, ಮಗ್ಳು ಬಾಣಂತನಕ್ಕೆ ಬರ್ತಾವ್ಳೆ. ಅಸಿ ಮೈ ಇರೋ ಮನೇಲಿ ಇಂಥದ್ದೆಲ್ಲ ಇರ್ಬಾರ್ದು. ಅವ್ಳು ಬರೋದ್ರೊಳ್ಗೆ ಒಂದು ಅದು ಓಗ್ಬೇಕು, ಇಲ್ಲ ನೀನ್ ಓಗ್ಬೇಕು."

ಅದನ್ನು ಕಳಿಸಲು ಊರದೇವತೆಯ ಗುಡಿಯ ಪೂಜಾರಪ್ಪನನ್ನು ಕರೆಸಿದರು. ಮುಚ್ಚಳದ ಸುತ್ತ ಅರಿಶಿನ ಕುಂಕುಮ, ಬಾಗಿಲಿಗೆ ಬೂದುಗುಂಬಳಕಾಯಿ, ಅಲ್ಲಲ್ಲಿ ನಿಂಬೆಹಣ್ಣು. ಒಂದು ನಿಂಬೆಹಣ್ಣನ್ನು ನನ್ನ ಸ್ಯಾಂಪ್ಲರಿನ ಮೇಲೂ ಒತ್ತಿಟ್ಟರು. ಅದು ಸರಿಯಾಗಿ ರೆಕಾರ್ಡ್ ಗುಂಡಿಯ ಮೇಲೆ ಕೂತಿತು. ಕೆಂಪು ದೀಪ ಹತ್ತಿದ್ದು ನನಗೆ ಕಂಡಿತು. ಹೇಳೋಣವೆಂದು ಬಾಯಿ ತೆರೆದೆ, ಓನರಮ್ಮ ಕಣ್ಣಲ್ಲೇ ಮುಚ್ಚಿಸಿದರು.

ಮೂರು ನಿಮಿಷ ಮಂತ್ರ ಆಯಿತು. ಮುಗಿಸಿ, ನಿಂಬೆಹಣ್ಣು ಎತ್ತಿ, ಪೆಟ್ಟಿಗೆಯ ಮೇಲೆ ಬಿದ್ದ ಕುಂಕುಮವನ್ನು ಪೂಜಾರಪ್ಪ ಬೆರಳಿನಿಂದ ಒರೆಸಿದರು. ಬೆರಳು ಗುಂಡಿಗೆ ತಾಗಿತು. ಹಿಂದಿನ ದಿನ ಎರಡು ಸ್ಥಾಯಿ ಇಳಿಸಿಟ್ಟದ್ದು ಹಾಗೇ ಇತ್ತು. ಅವರ ಮಂತ್ರ ಅವರಿಗೇ ವಾಪಸ್ ಬಂತು, ನಿಧಾನವಾಗಿ, ನೆಲದೊಳಗಿಂದ, ತುಂಬ ವಯಸ್ಸಾದವರೊಬ್ಬರು ಕತ್ತಲಲ್ಲಿ ಕೂತು ಹೇಳುತ್ತಿರುವ ಹಾಗೆ. ಅಷ್ಟು ಇಳಿಸಿದರೆ ಸದ್ದು ನಾಲ್ಕು ಪಟ್ಟು ಉದ್ದವಾಗುತ್ತದೆ. ಹನ್ನೆರಡು ನಿಮಿಷ ನಾವು ಮೂವರೂ ಕೈಮುಗಿದು ನಿಂತಿದ್ದೆವು. ನಾನು ಯಾಕೆ ಕೈಮುಗಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸದ್ದು ನಿಂತಾಗ ಪೂಜಾರಪ್ಪನ ಕಣ್ಣಲ್ಲಿ ನೀರು.

"ತಾಯೀ, ಇಲ್ಲಿರೋದು ದೆವ್ವ ಅಲ್ಲ. ಯಾರೋ ದೊಡ್ಡ ಮನಸ್ಸಿನೋರು. ಮಧ್ಯದಲ್ಲಿ ನಂಗೆ ಎರಡು ಸಾಲು ಮರ್ತೋಯ್ತು. ನಂಗೆ ಅವಮಾನ ಆಗ್ಬಾರ್ದು ಅಂತ ಅವ್ರೂ ಆ ಎರಡು ಸಾಲು ಬಿಟ್ಟೇ ಏಳಿದ್ರು."

ಕರೆಂಟ್ ಹೋದ ಮಧ್ಯಾಹ್ನ

ದೊಡ್ಡ ಮನಸ್ಸಿನವರಾದರೂ ಬಾಣಂತಿಯ ಮನೆಯಲ್ಲಿ ಬೇಡ ಎಂದು ಓನರಮ್ಮ ಹಟ ಹಿಡಿದರು. ಮಗಳು ಬರಲು ಹದಿನೈದು ದಿನ ಉಳಿದಿತ್ತು. ಸದ್ದೆಲ್ಲ ನನ್ನ ಪೆಟ್ಟಿಗೆಯದೇ, ಬೇರೆ ಏನೂ ಇಲ್ಲ ಎಂದು ಸಾಬೀತು ಮಾಡದೆ ನನಗೆ ದಾರಿ ಇರಲಿಲ್ಲ. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಇದೇ ಸಮಯ ಎಂದು ಅವರನ್ನು ಕರೆದು ಹೊಸ್ತಿಲ ಮೇಲೆ ಕೂರಿಸಿದೆ.

"ನೋಡಿ ಅಮ್ಮ, ಕರೆಂಟಿಲ್ಲ, ಪೆಟ್ಟಿಗೆ ಸತ್ತಿದೆ. ಈಗ ಯಾವ ದೆವ್ವ ಬರುತ್ತೋ ನೋಡೋಣ."

ಬಂತು.

ಊಂ ಎಂದು ಒಂದೇ ಸಮನೆ, ಮುಚ್ಚಳದ ಕೆಳಗಿನಿಂದ. ನಾನು ಇಷ್ಟು ದಿನ ಇಳಿಸಿ ಇಳಿಸಿ ತಲುಪಿದ್ದ ಅದೇ ಸ್ವರ, ಎದೆಯಲ್ಲಿ ಅದೇ ಜಾಗಕ್ಕೆ ತಾಗುವಂಥದ್ದು. ಕರೆಂಟಿಲ್ಲ ಎಂದು ಗೊತ್ತಿದ್ದೂ ಓಡಿಹೋಗಿ ಪ್ಲಗ್ ಕಿತ್ತೆ. ಊಂ ನಿಲ್ಲಲಿಲ್ಲ. ನಾನು ಬಂದು ಓನರಮ್ಮನ ಪಕ್ಕದಲ್ಲಿ, ಸ್ವಲ್ಪ ಹತ್ತಿರವೇ, ಕೂತೆ. ನನಗೆ ನಿಜವಾಗಿ ಭಯವಾಗಿತ್ತು.

ಓನರಮ್ಮ ಮುಚ್ಚಳವನ್ನೇ ನೋಡುತ್ತ ಮೆಲ್ಲಗೆ ಹೇಳಿದರು.

"ಇದು ಸಂಪಲ್ಲಪ್ಪ. ಬಾವಿ."

ಅವರ ರಾಗಿ ಹೊಲದ ಕಲ್ಲುಕಟ್ಟಿನ ಬಾವಿ. ಈ ಕೋಣೆ ಎಬ್ಬಿಸಲು ಅವರೇ ಅದರ ಮೇಲೆ ಚಪ್ಪಡಿ ಹಾಕಿಸಿ ಸಂಪು ಮಾಡಿಸಿದ್ದರು. ಯಜಮಾನರು ಬೇಡ ಅಂದಿದ್ದರಂತೆ. ಅವರು ತೀರಿಕೊಂಡು ಎರಡು ವರ್ಷ.

"ಅವ್ರದ್ದು ಕೀರ್ಲು ದನಿ ಕಣಪ್ಪ. ಮನೇಲಿ ಯಾರೂ ಅವ್ರ ಮಾತ್ ಕೇಳ್ತಿರ್ಲಿಲ್ಲ. ಅದಕ್ಕೇ ಏನಾರ ಬೇಕಾದ್ರೆ ಬಾವಿಗೆ ಬಗ್ಗಿ ಕೂಗೋರು. ಬಾವಿ ಒಳ್ಗಿಂದ ಗುಡುಗ್ದಂಗೆ ಬರೋದು, ನಾವೆಲ್ಲ ಎದ್ದೂ ಬಿದ್ದೂ ಓಡೋದು. ನಾನು ಅದನ್ನೇ ಮುಚ್ಚಿಸ್ಬಿಟ್ಟೆ. ಕೋಪ ಬರ್ದೇ ಇರ್ತದಾ?"

ಅಷ್ಟರಲ್ಲಿ ಗೇಟಿಗೆ ನೀರಿನ ಟ್ಯಾಂಕರ್ ಬಂತು. ಪೈಪು ಇಳಿಸಿ ನೀರು ಬಿಟ್ಟರು. ಊಂ ಎನ್ನುತ್ತಿದ್ದದ್ದು ನಿಧಾನವಾಗಿ ಏರತೊಡಗಿತು. ಏರಿ ಏರಿ ಸಣ್ಣಗಾಯಿತು, ಕೊಡಕ್ಕೆ ನೀರು ತುಂಬುವಾಗ ಆಗುವಂತೆ. ಎದುರಿನ ಅಪಾರ್ಟ್‌ಮೆಂಟಿನ ಜನರೇಟರ್ ಗುಡುಗುಡು ಅನ್ನುತ್ತಿದ್ದದ್ದು ಆಗ ನನ್ನ ಗಮನಕ್ಕೆ ಬಂತು. ಅದರ ಸದ್ದು ಗೇಟಿನ ಬಾಯಿಂದ ಒಳಗಿಳಿದು, ಖಾಲಿ ಬಾವಿ ಅದಕ್ಕೆ ದನಿಗೂಡಿಸುತ್ತಿತ್ತು. ನನ್ನ ಬೇಸಿಗೂ ಇಷ್ಟು ದಿನ ದನಿಗೂಡಿಸಿದ್ದು ಅದೇ.

"ಕೇಳಿದ್ರಾ ಅಮ್ಮ? ನೀರು ಕಮ್ಮಿ ಇದ್ದರೆ ದಪ್ಪ ಸದ್ದು, ತುಂಬಿದರೆ ಸಣ್ಣ ಸದ್ದು. ಅಷ್ಟೇ."

ಓನರಮ್ಮ ಯೋಚಿಸಿದರು. ಮುಖ ಗೆಲುವಾಯಿತು.

"ಅಂಗಾದ್ರೆ ಅವ್ರಿಗೆ ಕೋಪ ಇಲ್ಲ. ಇಷ್ಟ್ ದಿನ ಸಂಪು ಖಾಲಿ ಆಯ್ತು ಅಂತ ಏಳ್ತಿದ್ರು!"

ಕೆಮ್ಮು

ಮರುದಿನ ಒಂದು ಹಳೇ ಫೋನ್ ಹಿಡಿದು ಬಂದರು. ಅದರಲ್ಲಿ ಯಜಮಾನರು ಯಾವತ್ತೋ ಹೆಂಡತಿಗೆ ಕಳಿಸಿದ್ದ ಒಂದು ಧ್ವನಿ ಸಂದೇಶ. ಹೆಂಡತಿಗೆ ಏನೋ ಹೇಳಲು ಹೊರಟು, ಮಧ್ಯದಲ್ಲಿ ಟ್ಯಾಂಕರಿನವನ ಜೊತೆ ಜಗಳಕ್ಕೆ ನಿಂತಿದ್ದರು. ಸೂಜಿಯಂಥ ಸಣ್ಣ ದನಿ: "ಪೂರ್ತಿ ಆಕಯ್ಯಾ… ಇನ್ನೂ ಐತೆ ಅದ್ರೊಳ್ಗೆ… ನಂಗ್ ಗೊತ್ತಾಯ್ತದೆ…"

"ಇದು ಬಾವಿ ಒಳ್ಗಿಂದ ಬಂದಂಗೆ ಮಾಡ್ಕೊಡು. ಒಂದ್ ಸಲ ಕೇಳ್ಬೇಕು. ಮಾಡ್ಕೊಟ್ರೆ ನೀನ್ ಇರೋ ವಿಚಾರ ನೋಡಾನ."

ನನ್ನ ಕೋಣೆಯ ಭವಿಷ್ಯ ಆ ಸಣ್ಣ ದನಿಯ ಮೇಲೆ ನಿಂತಿತು. ಎರಡು ಸ್ಥಾಯಿ ಇಳಿಸಿದರೆ ಮಾತು ಹೋಗಿ ಬರೀ ನರಳಾಟ. ಒಂದು ಸ್ಥಾಯಿ ಇಳಿಸಿದರೆ ಮೂಗು ಕಟ್ಟಿದ ಹಾಗೆ. ಕೆಳಗೆ ಇನ್ನೊಂದು ದಪ್ಪ ಸ್ವರ ಸೇರಿಸಿದೆ, ಮೇಲಿನದನ್ನು ಸೋಸಿದೆ, ಏನು ಮಾಡಿದರೂ ದನಿಗೆ ಹೊಟ್ಟೆಯೊಳಗಿನ ತೂಕ ಬರಲಿಲ್ಲ. ಆ ದನಿಯಲ್ಲಿ ಮೊದಲೇ ಇಲ್ಲದ್ದು ಇಳಿಸಿದರೆ ಎಲ್ಲಿಂದ ಬರಬೇಕು. ಮೂರು ದಿನ ಕೇಳಿಸಿದೆ. ಮೂರು ದಿನವೂ ಓನರಮ್ಮ ತಲೆಯಾಡಿಸಿದರು.

"ಇದು ಅವ್ರಲ್ಲ. ಕುಕ್ಕರಿನೋನು."

ನಾಲ್ಕನೇ ದಿನ ಸಿಟ್ಟು ಬಂದು ಮುಚ್ಚಳವನ್ನೇ ತೆಗೆದೆ. ದನಿಯನ್ನು ಸ್ವಲ್ಪವೇ ಸ್ವಲ್ಪ ಇಳಿಸಿ, ಬಾವಿಯ ಸ್ವರಕ್ಕೆ ಕೂಡುವಂತೆ ಹೊಂದಿಸಿದೆ. ಸ್ಪೀಕರನ್ನು ಬಾಯಿ ಕೆಳಗೆ ಮಾಡಿ ಬಾವಿಯ ಮೇಲಿಟ್ಟೆ. ಮೈಕನ್ನು ಹಗ್ಗದಲ್ಲಿ ಒಳಗೆ ಇಳಿಬಿಟ್ಟೆ. ಬಾವಿ ಏನು ವಾಪಸ್ ಕೊಡುತ್ತದೋ ಅದನ್ನು ತುಂಬಿಸಿಕೊಂಡೆ.

ಗುಂಡಿ ಒತ್ತಿದಾಗ ಓನರಮ್ಮ ಕೂತಿದ್ದವರು ಎದ್ದು ನಿಂತು ತಲೆಯ ಮೇಲೆ ಸೆರಗು ಹೊದ್ದುಕೊಂಡರು. ನಾನು ಬೇರೆ ಕಡೆ ನೋಡಿದೆ. "ಪೂರ್ತಿ ಆಕಯ್ಯಾ" ಎಂದು ಕಲ್ಲು ಮಾತಾಡಿದಂತೆ ಬಂತು. "ನಂಗ್ ಗೊತ್ತಾಯ್ತದೆ" ಎಂಬಲ್ಲಿಗೆ ಮುಗಿಯಿತು. ಆಮೇಲೆ, ಎಲ್ಲ ಮುಗಿದ ಮೇಲೆ, ಒಳಗಿನಿಂದ ಯಾರೋ ಎರಡು ಸಲ ಕೆಮ್ಮಿದರು.

ನಾನು ಫೋನಿನ ಸಂದೇಶವನ್ನು ಮತ್ತೆ ಹಾಕಿ ಕೇಳಿದೆ. ಕೆಮ್ಮಿಲ್ಲ. ಸ್ಯಾಂಪ್ಲರಿನಲ್ಲಿದೆ. ಬಾವಿಯಲ್ಲಿ ಆಗ ಒಂದು ಮೊಳ ನೀರು ಬಿಟ್ಟರೆ ಏನೂ ಇರಲಿಲ್ಲ, ನಾನೇ ಟಾರ್ಚ್ ಹಾಕಿ ನೋಡಿದ್ದೆ.

"ಅಮ್ಮ," ಎಂದೆ, "ಈ ಕೆಮ್ಮು ಫೋನಿನಲ್ಲಿ ಇಲ್ಲವಲ್ಲ?"

ಓನರಮ್ಮನಿಗೆ ಕೆಂಡಾಮಂಡಲ ಕೋಪ ಬಂತು.

"ಬೀಡಿ ಬಿಡಿ, ಬೀಡಿ ಬಿಡಿ ಅಂತ ಬಡ್ಕಂಡೆ. ನೋಡು, ಅಲ್ಲೋದ್ರೂ ಬಿಟ್ಟಿಲ್ಲ!"

ಟ್ಯಾಂಕರಿನವನು

ಮಗಳು ಬಂದಳು, ಹೆರಿಗೆಯೂ ಆಯಿತು, ಕೂಸು ಮನೆಗೆ ಬಂತು. ನನ್ನ ವಿಚಾರ ಮಾತ್ರ ಹಾಗೇ ನೇತಾಡುತ್ತಿತ್ತು. ಬಾಣಂತಿಗೆ ದಿನಾ ಎಣ್ಣೆ ನೀರು, ಕೂಸಿಗೆ ಎಣ್ಣೆ ನೀರು, ಹಂಡೆ ಹಂಡೆ ಬಿಸಿನೀರು ಬೇಕು. ಟ್ಯಾಂಕರ್ ಬಂದುಹೋದ ಎರಡೇ ದಿನಕ್ಕೆ ಸಂಪು ಮತ್ತೆ ಊಂ ಅನ್ನುತ್ತಿತ್ತು. ಟ್ಯಾಂಕರಿನವನು ಹಳಬ. ಸಂಪು ತುಂಬುವ ಮೊದಲೇ ಪೈಪು ಎತ್ತಿ, ಉಳಿದ ನೀರನ್ನು ಮುಂದಿನ ಗಿರಾಕಿಗೆ ಒಯ್ಯುವುದು ಅವನ ಪದ್ಧತಿ. ಯಜಮಾನರು ಬದುಕಿದ್ದಾಗ ಅವರು ಗದರಿಸಿದರೆ, ಅವರ ಕೀರಲು ದನಿಯನ್ನೇ ಅಣಕಿಸಿ ನಗುತ್ತ ಹೋಗುತ್ತಿದ್ದನಂತೆ.

ಒಂದು ಬೆಳಿಗ್ಗೆ ಟ್ಯಾಂಕರ್ ಬಂತು. ಓನರಮ್ಮ ದಡದಡ ಇಳಿದು ನನ್ನ ಬಾಗಿಲಿಗೆ ಬಂದರು.

"ಅವ್ರನ್ನ ಕರಿ."

"ಯಾರನ್ನಮ್ಮ?"

"ಯಜಮಾನ್ರನ್ನ!"

ಮುಚ್ಚಳ ತೆಗೆದೆ, ಸ್ಪೀಕರ್ ಕೆಳಮುಖ ಮಾಡಿಟ್ಟೆ, ಕಿಟಕಿಯಿಂದ ಇಣುಕಿ ಕಾದೆ. ಟ್ಯಾಂಕರಿನವನು ಹಾಡು ಗುನುಗುತ್ತ ಪೈಪು ಎತ್ತಲು ಬಗ್ಗಿದ. ಗುಂಡಿ ಒತ್ತಿದೆ. ಅವನ ಮುಖದ ಕೆಳಗಿದ್ದ ಸಂಪಿನ ಬಾಯಿಂದ, ತಣ್ಣನೆ ಗಾಳಿಯ ಜೊತೆ ಬಂತು:

"ಪೂರ್ತಿ ಆಕಯ್ಯಾ… ಇನ್ನೂ ಐತೆ ಅದ್ರೊಳ್ಗೆ… ನಂಗ್ ಗೊತ್ತಾಯ್ತದೆ…"

ಆಮೇಲೆ ಎರಡು ಕೆಮ್ಮು.

ಅವನು ಅಲುಗಾಡಲಿಲ್ಲ. ಬಗ್ಗಿದವನು ಬಗ್ಗಿದಂತೆಯೇ, ತುಂಬ ಮರ್ಯಾದೆಯಿಂದ, ಪೈಪನ್ನು ವಾಪಸ್ ಒಳಗಿಟ್ಟ. ವಾಲ್ವನ್ನು ಪೂರ್ತಿ ತಿರುಗಿಸಿದ. ಕೊನೆಯ ಹನಿ ಇಳಿದ ಮೇಲೆ ಟ್ಯಾಂಕರ್ ಮೇಲೆ ಹತ್ತಿ, ಮುಚ್ಚಳ ತೆಗೆದು ಒಳಗೆ ನೋಡಿ, ಇಳಿದು ಬಂದು ಸಂಪಿನ ಬಾಯಿಗೆ ಹೇಳಿದ: "ಆಯ್ತು ಯಜಮಾನ್ರೇ, ಖಾಲಿ. ಬೇಕಾದ್ರೆ ಬಂದು ನೋಡ್ಕಳಿ… ಬ್ಯಾಡ ಬ್ಯಾಡ, ಅಲ್ಲೇ ಇರಿ."

ಓನರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನನ್ನ ಪಕ್ಕದಲ್ಲಿ ನಿಂತಿದ್ದರು. ಕಣ್ಣಲ್ಲಿ ನೀರು, ನಗುವಿನದೋ ಬೇರೆಯದೋ ಗೊತ್ತಾಗಲಿಲ್ಲ. "ಕೋಣೆ ಖಾಲಿ ಮಾಡೋ ಮಾತು ಇನ್ನೆತ್ತಲ್ಲ ಕಣಪ್ಪ," ಅಂದರು. "ನೀನ್ ಓದ್ರೆ ಅವ್ರೂ ಓಗ್ಬಿಡ್ತಾರೆ." ಮುಖ ಒರೆಸಿಕೊಂಡು, ಏನೂ ಗೊತ್ತಿಲ್ಲದವರಂತೆ ಗೇಟಿನ ಹತ್ತಿರ ಹೋದರು.

ಟ್ಯಾಂಕರಿನವನು ಚಪ್ಪಲಿ ಕೈಯಲ್ಲಿ ಹಿಡಿದು ಗಾಡಿ ಹತ್ತುತ್ತಿದ್ದ. ಅವರನ್ನು ಕಂಡು ಇಳಿದು ಬಂದು ಕೈಮುಗಿದ. ಸಂಪಿನ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ಹೇಳಿದ:

"ಅಮ್ಮಾ, ಯಜಮಾನ್ರಿಗೆ ಅಲ್ಲಿ ಊಟ ಚೆನ್ನಾಗ್ ಸಿಗ್ತೈತೆ ಅಂತ ಕಾಣ್ತದೆ. ದನಿ ಗಟ್ಟಿಯಾಗೈತೆ."